ಪದಚರ್ಚೆ: ಹಳೇ ಕಾರಿನ ಕೆಲಸ, ಮನೆಯ ಶೆಡ್ಡು, ಪಾನಾ, ಬೆಸುಗೆ ಇತ್ಯಾದಿ

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಜಾಗ ಮಾಡಿಕೊಂಡು ಹಳೆಯ ಕಾರೊಂದನ್ನು ಬಿಚ್ಚಿ, ತುಕ್ಕು ತೆಗೆದು, ಮತ್ತೆ ಓಡುವಂತೆ ಮಾಡಬೇಕೆಂದಿರುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಯಾವ ಸಲಕರಣೆ ಮೊದಲು ಕೊಳ್ಳಬೇಕು, ಯಾವುದು ಆಮೇಲೆ, ಯಾವುದನ್ನು ಹೇಗೆ ಹಿಡಿಯಬೇಕು ಎಂಬುದಷ್ಟೇ ಅದರ ವಿಷಯ. ಪಾನಾ (ಸ್ಪ್ಯಾನರ್), ವೈಸ್, ಕಂಪ್ರೆಸರ್ ಇವನ್ನೆಲ್ಲ ಹಾಗೆಯೇ ಬರೆದರೆ ಓದುವವರಿಗೂ ತೊಂದರೆಯಿಲ್ಲ, ನನಗೂ ಇಲ್ಲ. ಸಲಕರಣೆಯ ಹೆಸರು ಬಂದ ಹಾಗೆ ಇರಲಿ, ಅದನ್ನು ಹಿಡಿದು ಮಾಡುವ ಕೆಲಸದ ಮಾತು ಮಾತ್ರ ಕನ್ನಡದ್ದೇ ಆಗಿರಲಿ ಎಂಬುದು ನನ್ನ ನಿಲುವು. ಹಾಗೆ ಬರೆಯುತ್ತಾ ಹೋದಾಗ ಕೆಲವು ಕಡೆ ಪೆನ್ನು ನಿಂತಿದೆ. ಅವನ್ನು ಇಲ್ಲಿ ಇಡುತ್ತೇನೆ.

ಮೊದಲನೆಯದು ಜಾಗದ ಹೆಸರು. 'ಗ್ಯಾರೇಜ್' ಎಂದರೆ ಕಾರು ನಿಲ್ಲಿಸುವ ಜಾಗ ಎಂದು ನಿಘಂಟು ಹೇಳಬಹುದು. ಆದರೆ 'ಕಾರು ಗ್ಯಾರೇಜಿನಲ್ಲಿದೆ' ಎಂದರೆ ಕೇಳಿದವರು 'ಏನಾಯ್ತು, ಕೆಟ್ಟಿತಾ?' ಅನ್ನುತ್ತಾರೆ. ಕನ್ನಡದಲ್ಲಿ ಆ ಪದ ಮೆಕ್ಯಾನಿಕ್ಕಿನ ಪಾಲಾಗಿ ಎಷ್ಟೋ ಕಾಲವಾಯಿತು. 'ಕಾರ್ಯಾಗಾರ'ವನ್ನು ವಿಚಾರಸಂಕಿರಣದವರು ತೆಗೆದುಕೊಂಡು ಹೋಗಿದ್ದಾರೆ. 'ಕಮ್ಮಟ'ದ ಕಥೆಯೂ ಅದೇ: ಒಂದು ಕಾಲಕ್ಕೆ ನಾಣ್ಯ ಹೊಡೆಯುವ ಟಂಕಸಾಲೆಗೆ ಇದ್ದ ಹೆಸರು, ಈಗ ಕವಿತೆ ಓದುವ ಎರಡು ದಿನದ ಶಿಬಿರಕ್ಕೆ ಸಂದಿದೆ. ಕೈಕೆಲಸದ ಜಾಗಕ್ಕಿದ್ದ ಎರಡೂ ಪದಗಳನ್ನು ಮಾತಿನ ಕೆಲಸದವರೇ ಗೆದ್ದುಕೊಂಡರು, ಇರಲಿ. ಕಮ್ಮಾರಸಾಲೆಯ ಜಾಡಿನಲ್ಲಿ 'ಕಾರುಸಾಲೆ' ಎಂದು ಕಟ್ಟಬಹುದಿತ್ತು, ಆದರೆ ಅದು ಡ್ರೈವಿಂಗ್ ಶಾಲೆಯ ಹಾಗೆ ಕೇಳುತ್ತದೆ. ಸದ್ಯಕ್ಕೆ 'ಕೆಲಸದ ಶೆಡ್ಡು' ಎಂದು ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ.

ಎರಡನೆಯದು 'ರೆಸ್ಟೊರೇಶನ್'. ಇಲ್ಲಿ ಬರಿಯ ಪದವಲ್ಲ, ಅರ್ಥವೇ ಜಾರುತ್ತದೆ. ಪತ್ರಿಕೆಗಳಲ್ಲಿ 'ನವೀಕರಣ' ಎಂದು ಬರುತ್ತದೆ. ಹಳೇ ಕಾರಿಗೆ ಹೊಸ ಎಂಜಿನ್ ಇಟ್ಟು, ಹೊಸ ಬ್ರೇಕ್, ಹೊಸ ಸೀಟು ಹಾಕಿದರೆ ಅದು ನವೀಕರಣ. ಕಾರು ಮೊದಲು ಹೇಗಿತ್ತೋ ಆ ಸ್ಥಿತಿಗೆ ಒಯ್ಯುವುದು ಹೆಚ್ಚುಕಡಿಮೆ ಅದಕ್ಕೆ ಎದುರು ದಿಕ್ಕಿನ ಕೆಲಸ. 'ದುರಸ್ತಿ' ಎಂದರೆ ಕೆಟ್ಟದ್ದು ಸರಿಯಾದರೆ ಸಾಕು, ಹೇಗೆ ಎಂಬ ಪ್ರಶ್ನೆಯಿಲ್ಲ. 'ಮರುಸ್ಥಾಪನೆ'ಯನ್ನು ಫೋನು ಕಂಪ್ಯೂಟರಿನವರು ಸವೆಸಿಬಿಟ್ಟಿದ್ದಾರೆ. ಐತಿಹಾಸಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದಿನಲ್ಲಿ ಇರುವುದನ್ನು ಇರುವಂತೆ ಕಾಯುವುದು, ಹಾಳಾಗದಂತೆ ತಡೆದು ನಿಲ್ಲಿಸುವುದು, ಕಳೆದುಹೋದದ್ದನ್ನು ತುಂಬಿ ಹಿಂದಿನ ಸ್ಥಿತಿಯನ್ನು ತೋರಿಸುವುದು, ಬರೀ ರಿಪೇರಿ, ಇವು ನಾಲ್ಕೂ ಬೇರೆ ಬೇರೆ. ನಮ್ಮಲ್ಲಿ ನಾಲ್ಕಕ್ಕೂ ಒಂದೇ ಪದ ಬಳಸಿ ಕೈತೊಳೆದುಕೊಳ್ಳುತ್ತೇವೆ.

ನನ್ನ ಮನಸ್ಸು 'ಜೀರ್ಣೋದ್ಧಾರ'ದ ಕಡೆಗಿದೆ. ಶಾಸನಗಳಲ್ಲಿ ದತ್ತಿ ಬಿಡುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂದು ಮತ್ತೆ ಮತ್ತೆ ಬರುತ್ತದಲ್ಲ, ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾಗಿ ಸವೆದದ್ದು ಎಂದು ಎಷ್ಟು ಚೊಕ್ಕವಾಗಿ ವಿಂಗಡಿಸಿದ್ದಾರೆ! ಹಳೇ ಕಾರಿನ ಬಾಡಿಗೂ ಆ ಮೂರೂ ಸಲ್ಲುತ್ತವೆ. ಆದರೆ ಕೈಪಿಡಿಯ ಮುಖಪುಟದಲ್ಲಿ 'ಕಾರಿನ ಜೀರ್ಣೋದ್ಧಾರ' ಎಂದು ಕಂಡರೆ ಓದುಗರು ನಕ್ಕಾರೇ? ದೇವಸ್ಥಾನದ ವಾಸನೆ ಹೋಗಲಾಡಿಸಲು ಆಗುತ್ತದೆಯೇ, ಅಥವಾ 'ಮೂಲರೂಪಕ್ಕೆ ತರುವುದು' ಎಂದು ಬಿಡಿಸಿ ಬರೆಯುವುದೇ ಮೇಲೇ?

ಮುಂದಿನದು ಪಾನಾ. ಪದದ ಬಗ್ಗೆ ತಕರಾರಿಲ್ಲ. ತೊಡಕಿರುವುದು ಅಳತೆ ಹೇಳುವ ರೀತಿಯಲ್ಲಿ. 'ಹದಿಮೂರರ ಬೋಲ್ಟು' ಎಂದು ಮೆಕ್ಯಾನಿಕ್ ಹೇಳಿದರೆ ಅದು 13 ಮಿ.ಮೀ. ದಪ್ಪದ ಬೋಲ್ಟಲ್ಲ. ಬೋಲ್ಟಿನ ದಪ್ಪ 8 ಮಿ.ಮೀ., ಅದರ ತಲೆಗೆ ಕೂರುವ ಪಾನಾ 13ರದ್ದು. 6 ಮಿ.ಮೀ. ಬೋಲ್ಟಿಗೆ 10ರ ಪಾನಾ. ಕೈಯಲ್ಲಿ ಹಿಡಿದವರಿಗೆ ಇದರಲ್ಲಿ ಗೊಂದಲವಿಲ್ಲ, ಓದಿ ಕೊಳ್ಳಲು ಹೋಗುವವರಿಗೆ ಇದೆ. ಹಳೆಯ ಬ್ರಿಟಿಷ್ ಕಾರು ಸಿಕ್ಕಿದರೆ ಇನ್ನೂ ಫಜೀತಿ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಪದ್ಧತಿಯಲ್ಲಿ ಪಾನಾದ ಮೇಲಿನ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ಪಾನಾದ ಬಾಯಿಯ ಅಗಲವನ್ನಲ್ಲ. ಹಾಗಾಗಿ ಅರ್ಧ ಇಂಚು ಎಂದು ಬರೆದಿರುವ ವಿಟ್‌ವರ್ತ್ ಪಾನಾದ ಬಾಯಿ 0.92 ಇಂಚು, ಅಂದರೆ 23 ಮಿ.ಮೀ.ಗಿಂತ ತುಸು ಹೆಚ್ಚು. ಆಮೇಲೆ ಬಂದ, ಬೋಲ್ಟಿನ ತಲೆಯ ಎದುರುಬದುರು ಬದಿಗಳ ನಡುವಿನ ಅಳತೆ ಹೇಳುವ ಎ.ಎಫ್. (ಅಕ್ರಾಸ್ ಫ್ಲ್ಯಾಟ್ಸ್) ಪದ್ಧತಿಯ ಅರ್ಧ ಇಂಚಿನ ಪಾನಾದ ಬಾಯಿ ನಿಜಕ್ಕೂ ಅರ್ಧ ಇಂಚು, 12.7 ಮಿ.ಮೀ. ಈ ಎರಡನ್ನೂ 'ಅರ್ಧ ಇಂಚಿನ ಪಾನಾ' ಎಂದು ಬರೆದರೆ ಓದುಗ ಒಂದು ಸೆಟ್ ಪೂರ್ತಿ ತಪ್ಪು ಕೊಳ್ಳುತ್ತಾನೆ. ಸುಮಾರಾಗಿ ಕೂರುವ ಪಾನಾ ಹಾಕಿ ತಿರುಗಿಸಿದರೆ ಬೋಲ್ಟಿನ ಆರೂ ಮೂಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಉಳಿಯೇ ಗತಿ.

ಇದಕ್ಕೆ ನಾನು ಮಾಡಿಕೊಂಡಿರುವ ಪದ 'ಬಾಯಳತೆ'. ಪಾನಾಕ್ಕೆ ಬಾಯಿ ಇದೆ ಎಂದು ಎಲ್ಲರೂ ಹೇಳುತ್ತಾರೆ, ಅದರ ಅಳತೆ ಬಾಯಳತೆ. 'ಬೋಲ್ಟಿನ ದಪ್ಪ 8, ಬಾಯಳತೆ 13' ಎಂದರೆ ಜಗಳ ಮುಗಿಯಿತು. ಸಾಕೆಟ್ ವಿಷಯದಲ್ಲಿ ಮಾತ್ರ ಒಗ್ಗುತ್ತಿಲ್ಲ, ಅದಕ್ಕೆ ಎರಡು ಬಾಯಿ: ಬೋಲ್ಟ್ ಕೂರುವ ಕಡೆ ಒಂದು, ಹಿಡಿ ಸಿಕ್ಕಿಸುವ ಚೌಕ ಒಂದು. ಆ ಚೌಕ ಕಾಲು, ಮುಕ್ಕಾಲರ್ಧ, ಅರ್ಧ ಇಂಚಿನಲ್ಲಿ ಬರುತ್ತದೆ. 'ಮುಕ್ಕಾಲರ್ಧ' ಎಂದು ಎಂಟರಲ್ಲಿ ಮೂರಕ್ಕೆ ನಾನೇ ಕಟ್ಟಿದ್ದು, ಬೇಡವೆಂದರೆ ಬಿಟ್ಟುಬಿಡುತ್ತೇನೆ. 'ಮೂರು ಸೂತು' ಎಂದು ಕೆಲಸಗಾರರು ಹೇಳುವುದನ್ನೇ ಬರೆಯಬಹುದು, ಸೂತು ಎಂದರೆ ಇಂಚಿನ ಎಂಟನೇ ಒಂದು ಭಾಗ ಎಂದು ಒಂದು ಸಲ ತಿಳಿಸಿದರೆ ಸಾಕು.

ಜಾಕಿಯ ವಿಚಾರ ಬೇಗ ಮುಗಿಯುತ್ತದೆ, ಆದರೆ ಜೀವದ ಪ್ರಶ್ನೆ. ಜಾಕಿ ಇರುವುದು ಎತ್ತುವುದಕ್ಕೆ. ಎತ್ತಿದ್ದನ್ನು ಹೊರುವುದು ಸ್ಟ್ಯಾಂಡಿನ ಕೆಲಸ. ಹೈಡ್ರಾಲಿಕ್ ಜಾಕಿಯ ಸೀಲು ಸೋರಿದರೆ ಕಾರು ಇಳಿಯುತ್ತದೆ, ಕೆಳಗೆ ಮಲಗಿದವರ ಮೇಲೆ. 'ಜಾಕಿ ಕೊಟ್ಟು ಕೆಳಗೆ ಹೋಗಿ' ಎಂಬ ಆಡುಮಾತು ಬರಹದಲ್ಲಿ ಸುಳಿಯಲೇಬಾರದು. ಸ್ಟ್ಯಾಂಡಿಗೆ 'ಆನಿಕೆ' ಎಂದರೆ ಹೇಗೆ? ಭಾರ ಆನುವುದು ಎಂಬ ಹಳೆಯ ಕ್ರಿಯಾಪದ ಅದರಲ್ಲಿ ಜೀವಂತವಾಗಿದೆ. 'ಜಾಕಿಯಿಂದ ಎತ್ತಿ, ಆನಿಕೆಯ ಮೇಲೆ ಇಳಿಸಿ, ಅಲುಗಿಸಿ ನೋಡಿ, ಆಮೇಲೆ ಕೆಳಗೆ ಹೋಗಿ.' ಈ ವಾಕ್ಯ ನನಗೆ ಹಿಡಿಸಿದೆ. ಅಂದಹಾಗೆ ಆನಿಕೆ ನಿಲ್ಲಬೇಕಾದ್ದು ಗಟ್ಟಿ ಕಾಂಕ್ರೀಟಿನ ಮೇಲೆ. ಡಾಂಬರಿನಲ್ಲಿ, ಅದೂ ಬಿಸಿಲಿಗೆ, ಅದರ ಕಾಲು ಹೂತುಹೋಗುತ್ತದೆ.

ಈಗ ನನ್ನನ್ನು ಹೆಚ್ಚು ಕಾಡಿರುವ ಪದಕ್ಕೆ ಬರುತ್ತೇನೆ: ಬೆಸುಗೆ. ಸೋಲ್ಡರಿಂಗ್, ಬ್ರೇಜಿಂಗ್, ವೆಲ್ಡಿಂಗ್ ಮೂರಕ್ಕೂ ನಾವು ಬೆಸುಗೆ ಎನ್ನುತ್ತೇವೆ. ಮೊದಲೆರಡರಲ್ಲಿ ಸೇರಿಸಬೇಕಾದ ಲೋಹ ಕರಗುವುದಿಲ್ಲ, ನಡುವೆ ಹಾಕುವ ಲೋಹವಷ್ಟೇ ಕರಗಿ ಹಿಡಿದುಕೊಳ್ಳುತ್ತದೆ. ಆ ನಡುವಿನ ಲೋಹ 450 ಡಿಗ್ರಿ ಸೆಲ್ಸಿಯಸ್ಸಿನ ಒಳಗೆ ಕರಗಿದರೆ ಸೋಲ್ಡರಿಂಗ್, ಮೇಲಾದರೆ ಬ್ರೇಜಿಂಗ್ ಎಂಬುದು ರೂಢಿಯ ಗೆರೆ. ವೆಲ್ಡಿಂಗಿನಲ್ಲಿ ತಗಡಿನ ಅಂಚೇ ಕರಗಿ ಒಂದಾಗುತ್ತದೆ. 'ಚಾಸಿಗೆ ಬೆಸುಗೆ ಹಾಕಿ' ಎಂದು ಬರೆದು, ಯಾರಾದರೂ ಕೈಗೆ ಸಿಕ್ಕ ಸೋಲ್ಡರಿನಿಂದ ಮುಗಿಸಿದರೆ? ಹಾಗೆಯೇ ಹಿತ್ತಾಳೆಯ ಹಳೇ ರೇಡಿಯೇಟರಿಗೆ ಬೇಕಾದ್ದು ಸೋಲ್ಡರ್, ಅದಕ್ಕೆ ವೆಲ್ಡಿಂಗ್ ಮುಟ್ಟಿಸಿದರೆ ತೂತು. 'ಅಂಟುಬೆಸುಗೆ', 'ಕರಗುಬೆಸುಗೆ' ಎಂದು ಎರಡು ಬಣ ಮಾಡಿ, ಅಂಟುಬೆಸುಗೆಯೊಳಗೆ 'ತವರದ ಬೆಸುಗೆ', 'ಹಿತ್ತಾಳೆ ಬೆಸುಗೆ' ಎಂದು ಒಡೆದಿದ್ದೇನೆ. ಹಿತ್ತಾಳೆಯದನ್ನು ಕೆಲಸಗಾರರು ಬ್ರಾಸ್ ವೆಲ್ಡಿಂಗ್ ಎನ್ನುತ್ತಾರೆ, ಅದು ವೆಲ್ಡಿಂಗ್ ಅಲ್ಲದಿದ್ದರೂ. ಅವರ ಮಾತಿಗೆ ಎದುರಾಗಿ ನಿಲ್ಲಬೇಕೇ, ಜೊತೆಯಲ್ಲಿ ಹೋಗಬೇಕೇ?

ಈ ಭಾಗ ಬರೆಯುವಾಗ ಒಂದು ಕಡೆ ಕನ್ನಡವೇ ಮುಂದೆ ಬಂದು ನಿಂತಿತು. ಪುಟ್ಟಿ ಬರುವ ಮೊದಲು ಬಾಡಿಯ ತಗ್ಗುಗಳನ್ನು ಸೀಸದಿಂದ ತುಂಬುತ್ತಿದ್ದರು, ಈಗಲೂ ಹಠ ಇರುವವರು ಹಾಗೇ ಮಾಡುತ್ತಾರೆ. ತಗಡನ್ನು ಹೊಳೆಯುವ ತನಕ ಉಜ್ಜಿ, ಫ್ಲಕ್ಸ್ (ಲೋಹ ಹಿಡಿಯಲು ನೆರವಾಗುವ ಲೇಪ) ಬಳಿದು, ಬಿಸಿಮಾಡಿ, ಮೊದಲು ತೆಳ್ಳಗೆ ತವರ ಹಿಡಿಸಬೇಕು. ಇದು 'ಕಲಾಯಿ'ಯೇ, ಬೇರೆ ಪದ ಹುಡುಕುವ ಕೆಲಸವಿಲ್ಲ. ಆಮೇಲೆ ನೂರಕ್ಕೆ 70 ಸೀಸ, 30 ತವರ ಬೆರೆತ ಕಡ್ಡಿ. ಅದು ಒಮ್ಮೆಗೇ ನೀರಾಗುವುದಿಲ್ಲ. 183 ಡಿಗ್ರಿಯಿಂದ ಸುಮಾರು 250 ಡಿಗ್ರಿಯವರೆಗೆ ಮೆತ್ತಗೆ, ತಿದ್ದಿದ ಹಾಗೆ ಇರುತ್ತದೆ. ಆ ಸ್ಥಿತಿಗೆ ಇಂಗ್ಲಿಷಿನವರು ಎರಡು ಮೂರು ಪದ ಜೋಡಿಸುತ್ತಾರೆ, ನಮಗೆ 'ಹದ' ಸಾಕು. ಹದದಲ್ಲಿದ್ದಾಗ ಕೊಬ್ಬು ಸವರಿದ ಮರದ ಹಲಗೆಯಿಂದ ತೀಡಿ, ಆರಿದ ಮೇಲೆ ಅರದಿಂದ ಉಜ್ಜುವುದು. ಉಪ್ಪುಕಾಗದ ಹಾಕಬಾರದು, ಸೀಸದ ಧೂಳು ಒಳಗೆ ಹೋಗುತ್ತದೆ. 'ಅರ' ಎಂಬ ಎರಡಕ್ಷರದ ಪದವನ್ನು ಬಿಟ್ಟು 'ಫೈಲ್' ಎಂದು ಬರೆದರೆ ಓದುಗರಿಗೆ ಕಡತ ನೆನಪಾದೀತು. ಹೆಸರು ಬಂದ ಹಾಗೆ ಇರಲಿ ಎಂಬ ನನ್ನ ನಿಯಮವನ್ನು ಇಲ್ಲಿ ಮುರಿದಿದ್ದೇನೆ, ಸಾಣೆಯ ವಿಷಯದಲ್ಲೂ: ಗ್ರೈಂಡರ್ ಎಂದರೆ ಅಡುಗೆಮನೆಯೇ ಕಣ್ಣಿಗೆ ಬರುತ್ತದೆ, 'ಸಾಣೆಯಂತ್ರ' ಎಂದರೆ ಉಳಿಯ ಬಾಯಿ ಮಸೆಯುವುದು ತಾನಾಗಿ ಹೊಳೆಯುತ್ತದೆ.

ತುಕ್ಕಿನ ಬಗ್ಗೆ ನನ್ನದು ಪ್ರಶ್ನೆಗಿಂತ ಸಂತೋಷ. 'ತುಕ್ಕು ಹಿಡಿದಿದೆ' ಎಂದರೆ ಮೇಲಿನ ಕೆಂಪು, ತಂತಿ ಬ್ರಷ್ಷಿಗೆ ಹೋಗುತ್ತದೆ. 'ಹಕ್ಕಳೆ ಎದ್ದಿದೆ' ಎಂದರೆ ಕೆರೆದು, ಕೆಳಗೆ ಎಷ್ಟು ದಪ್ಪ ಉಳಿದಿದೆ ನೋಡಬೇಕು. 'ತುಕ್ಕು ತಿಂದಿದೆ' ಎಂದರೆ ಕತ್ತರಿಸಿ ಹೊಸ ತಗಡು ಬೆಸೆಯಬೇಕು, ಬೇರೆ ದಾರಿಯಿಲ್ಲ. ಬಣ್ಣದಲ್ಲಿ 'ಗುಳ್ಳೆ ಎದ್ದಿದ್ದರೆ' ಬಹುಮಟ್ಟಿಗೆ ಮೂರನೆಯದೇ, ಒಳಗಿನಿಂದ ಬಂದದ್ದು. ನಾಲ್ಕು ಮಾತು, ಮೂರು ಬಗೆಯ ಕೆಲಸ. ಹಿತ್ತಾಳೆ ತಾಮ್ರಕ್ಕೆ 'ಕಿಲುಬು' ಎಂದು ಬೇರೆಯೇ ಇಟ್ಟುಕೊಂಡಿದ್ದೇನೆ. ಕೆಲವರು ಎರಡನ್ನೂ ಬೆರೆಸುತ್ತಾರೆ, ನಿಮ್ಮ ಕಡೆ ಹೇಗೆ?

ಮಾಸ್ಕ್ ಎಂಬ ಪದವನ್ನು ಒಂಟಿಯಾಗಿ ಬಳಸಬಾರದೆಂದು ತೀರ್ಮಾನಿಸಿದ್ದೇನೆ. ಎಲ್ಲರಿಗೂ ಬಟ್ಟೆಯದೇ ಗೊತ್ತು. ಉಜ್ಜುವಾಗ 'ಧೂಳಿನ ಮಾಸ್ಕ್', ಥಿನ್ನರ್ ಬಳಸುವಾಗ 'ಆವಿಯ ಮಾಸ್ಕ್', ಗಟ್ಟಿಯಾಗಲೆಂದು ಹಾರ್ಡ್‌ನರ್ ಬೆರೆಸಿ ಸಿಂಪಡಿಸುವ ಬಣ್ಣಕ್ಕೆ ಹೊರಗಿನಿಂದ ಗಾಳಿ ಬರುವ 'ಕೊಳವೆ ಮಾಸ್ಕ್'. ಆ ಬಣ್ಣದಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಕೆಟ್ಟದ್ದು, ಆಸ್ತಮಾ ತರಿಸಬಲ್ಲದು. ಹಾಗಾಗಿ ಈ ಮೂರರಲ್ಲಿ ಒಂದಕ್ಕೆ ಇನ್ನೊಂದು ನಡೆಯುವುದಿಲ್ಲ.

ಕೊನೆಯದಾಗಿ 'ಟೈಟ್'. ಕೈಯಿಂದ ತಿರುಗಿಸಿ ನಿಲ್ಲಿಸುವುದಕ್ಕೆ 'ಕೈಬಿಗಿ' ಎಂದು ಬರೆದಿದ್ದೇನೆ. ಟಾರ್ಕ್ ರೆಂಚಿನಲ್ಲಿ ಇಂತಿಷ್ಟು ನ್ಯೂಟನ್ ಮೀಟರ್ ಎಂದು ಇಟ್ಟು ಕ್ಲಿಕ್ ಅನ್ನುವ ತನಕ ತಿರುಗಿಸುವುದಕ್ಕೆ 'ಅಳತೆಬಿಗಿ'. ಹಳೇ ಕೈಪಿಡಿಗಳಲ್ಲಿ ಅಡಿ-ಪೌಂಡಿನಲ್ಲಿ ಇರುತ್ತದೆ, 1.356ರಿಂದ ಗುಣಿಸಿದರೆ ನ್ಯೂಟನ್ ಮೀಟರ್. ಎಂಜಿನ್ ಹೆಡ್ಡಿನ ಬೋಲ್ಟುಗಳೆಲ್ಲವನ್ನೂ ಮೊದಲು ಕೈಬಿಗಿ ಮಾಡಿ, ಆಮೇಲೆ ಹೇಳಿದ ಕ್ರಮದಲ್ಲಿ, ಒಂದೇ ಸಲಕ್ಕಲ್ಲ, ಹಂತ ಹಂತವಾಗಿ ಅಳತೆಬಿಗಿಗೆ ತರಬೇಕು. ಈ ನಡುವಿನ ಹಂತಕ್ಕೆ, ಪೂರ್ತಿ ಬಿಗಿಯೂ ಅಲ್ಲದ, ಸಡಿಲವೂ ಅಲ್ಲದ ಬಿಗಿಗೆ, ಕಮ್ಮಾರಿಕೆ, ಬಡಗಿ ಕೆಲಸ ಅಥವಾ ಪಂಪ್‌ಸೆಟ್ ರಿಪೇರಿಯಲ್ಲಿ ಯಾವುದಾದರೂ ಮಾತು ಬಳಕೆಯಲ್ಲಿದೆಯೇ? ಕಟ್ಟಿದ ಪದ ಬೇಡ, ಯಾರಾದರೂ ಆಡಿದ್ದನ್ನು ಕೇಳಿದ್ದರೆ ಅದು, ಜೊತೆಗೆ ಅವರು ಅದನ್ನು ಹೇಳಿದ ಇಡೀ ವಾಕ್ಯ ಬೇಕು.