ನೂರಾರು ಮನೆಗಳ ಮಾಲೀಕರಿಂದ ಬಾಡಿಗೆಗೆ ಮನೆ ಹಿಡಿಯಬಹುದೇ?

ಕೆಂಟಿನ ಕಾರ್ಕಳದವಳು

ಇಂಗ್ಲೆಂಡಿನ ಕೆಂಟ್ ಕೌಂಟಿಯ ಆಶ್‌ಫರ್ಡ್‌ನಲ್ಲಿ ನಾನು ನರ್ಸ್. ಗಂಡನಿಗೆ ಲಂಡನ್ನಿನಲ್ಲಿ ಕೆಲಸ. ವೇಗದ ರೈಲು ಹಿಡಿದರೆ ನಲವತ್ತು ನಿಮಿಷದೊಳಗೆ ಅಲ್ಲಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣ. ಹಾಗಾಗಿಯೇ ಈ ಸಣ್ಣ ಊರಿನಲ್ಲಿ ಬಾಡಿಗೆ ಮನೆಗೆ ಇಷ್ಟು ನೂಕುನುಗ್ಗಲು.

ಹೋದ ವರ್ಷದವರೆಗೆ ವಯಸ್ಸಾದ ದಂಪತಿಯೊಬ್ಬರ ಮನೆಯಲ್ಲಿದ್ದೆವು. ಅವರಿಗಿದ್ದ ಬಾಡಿಗೆ ಮನೆ ಅದೊಂದೇ. ಸೆಪ್ಟೆಂಬರ್ ಬಂತೆಂದರೆ ತಮ್ಮ ಹಿತ್ತಿಲಿನ ಸೇಬು ಕೊಯ್ದು, ಕಾಗದದ ಚೀಲದಲ್ಲಿ ತುಂಬಿ ನಮ್ಮ ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ಅಂಥವರೇ ಒಂದು ಸೋಮವಾರ ಇಲ್ಲಿನ ವಸತಿ ಕಾಯ್ದೆಯ 21ನೇ ಕಲಮಿನ ನೋಟಿಸ್ ಕಳಿಸಿದರು: ಎರಡು ತಿಂಗಳಲ್ಲಿ ಖಾಲಿ ಮಾಡಿ. ಕಾರಣ ಹೇಳಬೇಕೆಂದು ಕಾನೂನಿನಲ್ಲಿ ಇರಲಿಲ್ಲ, ಅವರೂ ಹೇಳಲಿಲ್ಲ. ಸಾಲದ ಬಡ್ಡಿಗೆ ಮೊದಲಿನಂತೆ ತೆರಿಗೆ ವಿನಾಯಿತಿ ಸಿಗುತ್ತಿಲ್ಲ, ಮಾರುತ್ತಾರಂತೆ ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ಗೊತ್ತಾಯಿತು. ಅಂದಿನಿಂದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ದಿನ ದೂಡುತ್ತಿದ್ದೇವೆ. ಮಗಳ ಅರ್ಧ ಪುಸ್ತಕಗಳು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇವೆ.

ಈಗೊಂದು ಮನೆ ಸಿಕ್ಕಿದೆ. ಆಸ್ಪತ್ರೆಗೆ ಹನ್ನೆರಡು ನಿಮಿಷದ ನಡಿಗೆ, ಮೂರು ಮಲಗುವ ಕೋಣೆ. ನಾವು ನೋಡಿದ ಉಳಿದ ಮನೆಗಳಿಗಿಂತ ತಿಂಗಳಿಗೆ ತೊಂಬತ್ತು ಪೌಂಡ್ ಕಡಿಮೆ. ಮಾಲೀಕರಿಗೆ ಈ ಸುತ್ತಿನಲ್ಲಿ ಇನ್ನೂ ನೂರಾರು ಮನೆಗಳಿವೆ. ನನ್ನ ಗಂಡ ಪಟ್ಟು ಹಿಡಿದಿದ್ದಾರೆ: "ಅಷ್ಟು ಮನೆ ಗುಡ್ಡೆ ಹಾಕಿಕೊಂಡವನಿಗೆ ನನ್ನ ಸಂಬಳದಿಂದ ಒಂದು ಪೈಸೆಯೂ ಹೋಗಕೂಡದು."

ಅವರ ಸಿಟ್ಟಿಗೆ ಕಾರಣವಿದೆ. ಬಾಡಿಗೆಗೆಂದೇ ಮನೆ ಕೊಳ್ಳುವವರಿಗೆ ಇಲ್ಲಿ 1996ರಿಂದ ಬೇರೆಯೇ ಬಗೆಯ ಸಾಲ ಸಿಗತೊಡಗಿತು. ಬಾಡಿಗೆಯ ಹಣದಲ್ಲೇ ಬಡ್ಡಿ ಕಟ್ಟುವುದು, ಮನೆಯ ಬೆಲೆ ಏರಿದೊಡನೆ ಅದರ ಮೇಲೆ ಮತ್ತೆ ಸಾಲ ಎತ್ತಿ ಇನ್ನೊಂದನ್ನು ಕೊಳ್ಳುವುದು. ಹೀಗೆ ಬೆಳೆದವರಲ್ಲಿ ಇದೇ ಕೆಂಟಿನ ಫರ್ಗಸ್ ವಿಲ್ಸನ್ ದೇಶಕ್ಕೇ ಗೊತ್ತಿರುವ ಹೆಸರು. ಗಂಡ ಹೆಂಡತಿ ಇಬ್ಬರೂ ಹಿಂದೆ ಗಣಿತದ ಮೇಷ್ಟ್ರುಗಳು. ಒಂದು ಕಾಲಕ್ಕೆ ಅವರ ಬಳಿ ಸಾವಿರದ ಆಸುಪಾಸು ಮನೆಗಳಿದ್ದವು. ಸರ್ಕಾರದ ಬಾಡಿಗೆ ನೆರವು ಪಡೆಯುವ ಇನ್ನೂರು ಕುಟುಂಬಗಳನ್ನು ಬಿಡಿಸುವುದಾಗಿ 2014ರಲ್ಲಿ ಹೇಳಿ ಸುದ್ದಿಯಾದರು. 2017ರಲ್ಲಿ ಏಜೆಂಟರಿಗೆ ಬರೆದದ್ದು ಇನ್ನೂ ದೊಡ್ಡ ಸುದ್ದಿ: ಕಂದು, ಕಪ್ಪು ಬಣ್ಣದವರಿಗೆ ಮನೆ ಕೊಡಬೇಡಿ, ಬಿಟ್ಟು ಹೋದ ಮೇಲೆ ಮನೆಯಲ್ಲಿ ಮಸಾಲೆ ಅಡುಗೆಯ ವಾಸನೆ ಉಳಿಯುತ್ತದೆ. ಸಮಾನತೆಯ ಆಯೋಗ ಕೋರ್ಟಿಗೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಮೇಡ್‌ಸ್ಟನ್‌ನ ನ್ಯಾಯಾಲಯ ಅದು ಕಾನೂನುಬಾಹಿರವೆಂದು ತಡೆಯಾಜ್ಞೆ ಕೊಟ್ಟಿತು.

ಈಗಿನ ಮಾಲೀಕರು ಅವರಲ್ಲ, ಇವರ ಮೇಲೆ ಅಂಥ ದೂರೂ ನನ್ನ ಕಿವಿಗೆ ಬಿದ್ದಿಲ್ಲ. ಆದರೂ ಈ ಊರಿನಲ್ಲಿ ಬಂಗುಡೆ ಹುರಿಯುವಾಗ ಕಿಟಕಿ ತೆರೆಯಲೋ ಮುಚ್ಚಲೋ ಎಂದು ಒಂದು ಗಳಿಗೆ ಯೋಚಿಸುತ್ತೇನೆ.

ಗೂಡಿನಲ್ಲಿ ಕೂಡಿಹಾಕಿದ ಕೋಳಿಯ ಮೊಟ್ಟೆ ನಮ್ಮ ಮನೆಗೆ ಬರುವುದಿಲ್ಲ. ಒಂದು ಅಗ್ಗದ ಬಟ್ಟೆಯಂಗಡಿಯನ್ನೂ ಬಿಟ್ಟು ನಾಲ್ಕು ವರ್ಷವಾಯಿತು. ಮೊಟ್ಟೆಯ ನೀತಿಗೆ ವಾರಕ್ಕೆ ಒಂದು ಪೌಂಡ್ ಹೆಚ್ಚು ಕೊಟ್ಟರೆ ಮುಗಿಯಿತು. ಮನೆಯ ನೀತಿಗೆ ಎಷ್ಟು ತೆರಬೇಕು? (ಬೆಂಗಳೂರಿನ ಹೊರಮಾವಿನಲ್ಲಿ ನಮ್ಮದೇ ಒಂದು ಫ್ಲ್ಯಾಟ್ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ. ಅದು ಬೇರೆ ವಿಷಯ.)

ಲೆಸ್ಟರಿನ ಹಳಬ

ತಂಗಿ, ನಾನು ಓದಲು ಇಲ್ಲಿಗೆ ಬಂದದ್ದು 1984ರಲ್ಲಿ. ಆಗ ಎಷ್ಟೋ ವಿದ್ಯಾರ್ಥಿಗಳು ಬಾರ್ಕ್ಲೇಸ್ ಬ್ಯಾಂಕಿನಲ್ಲಿ ಖಾತೆ ತೆರೆಯುತ್ತಿರಲಿಲ್ಲ. ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರದ ನಾಡಿನಲ್ಲಿ ಅದು ವ್ಯವಹಾರ ಮಾಡುತ್ತಿತ್ತು ಎಂಬ ಕಾರಣಕ್ಕೆ. 1986ರಲ್ಲಿ ಬ್ಯಾಂಕು ಅಲ್ಲಿಂದ ಹೊರಬಂತು. ನಾನೂ ಖಾತೆ ತೆರೆಯದವನೇ. ಅದರಿಂದ ನನಗೇನು ಕಷ್ಟವಾಯಿತು? ಏನೂ ಇಲ್ಲ, ಎದುರು ಬೀದಿಯಲ್ಲೇ ಇನ್ನೊಂದು ಬ್ಯಾಂಕ್ ಇತ್ತು. ನಿಮ್ಮ ಎದುರು ಬೀದಿಯಲ್ಲಿ ಇನ್ನೊಂದು ಮನೆ ಇದೆಯೇ? ನೀವು ಬೇಡವೆಂದರೆ ಸಂಜೆಯೊಳಗೆ ಬೇರೆಯವರು ಕೀಲಿ ತೆಗೆದುಕೊಳ್ಳುತ್ತಾರೆ. ನೀವು ಮುನಿಸಿಕೊಂಡ ಸಂಗತಿಯೂ ಆ ಮಾಲೀಕನಿಗೆ ತಿಳಿಯುವುದಿಲ್ಲ.

ಗಂಡನ ಸಿಟ್ಟು ಸುಳ್ಳೆಂದು ಹೇಳುತ್ತಿಲ್ಲ, ವಿಳಾಸ ತಪ್ಪಿದೆ ಅಷ್ಟೇ. 1980ರ ವಸತಿ ಕಾಯ್ದೆ ಬಂದ ಮೇಲೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಬಾಡಿಗೆಗೆ ಕೊಟ್ಟಿದ್ದ ಮನೆಗಳನ್ನು ಅಲ್ಲಿದ್ದವರಿಗೇ ರಿಯಾಯಿತಿಯಲ್ಲಿ ಮಾರಿದರು. ಮಾರಿದಷ್ಟನ್ನು ಮತ್ತೆ ಕಟ್ಟಲಿಲ್ಲ. ಆ ಮನೆಗಳಲ್ಲಿ ಎಷ್ಟೋ ಇಂದು ಖಾಸಗಿ ಮಾಲೀಕರ ಕೈಯಲ್ಲಿವೆ. ಕಾರಣವಿಲ್ಲದೆ ಬಿಡಿಸುವ 21ನೇ ಕಲಮು 1988ರ ಕಾಯ್ದೆಯದು. ಇದೆಲ್ಲ ನಡೆದದ್ದು ಸಂಸತ್ತಿನಲ್ಲಿ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. 2003ರಲ್ಲಿ ನಾನೂ ಸಾಲ ಮಾಡಿ ಎರಡು ಮನೆ ಕೊಂಡೆ. ತೆರಿಗೆ ಬದಲಾದ ಮೇಲೆ, 2019ರಲ್ಲಿ, ಒಂದನ್ನು ಮಾರಿದೆ. ಅದರಲ್ಲಿ ಚಿಕ್ಕ ಮಗುವಿನ ಕುಟುಂಬವಿತ್ತು. ನಾನು ಖುದ್ದಾಗಿ ಹೋಗಿ ಕಾರಣ ಹೇಳಿದೆ, ಚಹಾ ಕುಡಿದೆ. ಅದರಿಂದ ಅವರು ಹೊರಬೇಕಾದ ಸಾಮಾನು ಹಗುರವಾಗಲಿಲ್ಲ. ಹಾಗಾಗಿ ನಿಮ್ಮ ಸೇಬಿನ ದಂಪತಿಯ ಬಗ್ಗೆ ನಾನು ಹೆಚ್ಚು ಮಾತನಾಡಲಾರೆ.

ಲೆಕ್ಕಿಗ, ರೆಡಿಂಗ್

ನೀತಿಯ ಮಾತು ಹಿರಿಯರಿಗೆ ಬಿಟ್ಟಿದ್ದೇನೆ. ಬಾಡಿಗೆದಾರರ ಹಕ್ಕುಗಳ ಹೊಸ ಕಾಯ್ದೆಗೆ 2025ರ ಅಕ್ಟೋಬರಿನಲ್ಲಿ ಅರಸರ ಅಂಕಿತ ಬಿದ್ದಿದೆ. 2026ರ ಮೇ 1ರಿಂದ 21ನೇ ಕಲಮು ಇಲ್ಲ. ಮಾಲೀಕ ಮಾರಬೇಕೆಂದರೂ ಮೊದಲ ವರ್ಷ ಬಿಡಿಸುವಂತಿಲ್ಲ, ಆಮೇಲೂ ನಾಲ್ಕು ತಿಂಗಳ ನೋಟಿಸ್ ಕೊಡಬೇಕು. ನೂರು ಮನೆ ಇರುವವನು ತನ್ನ ಮಗಳ ಮದುವೆಗೆಂದು ನಿಮ್ಮ ಮನೆಯನ್ನೇ ಮಾರುವ ಸಂಭವ ಕಡಿಮೆ. ಠೇವಣಿ ಐದು ವಾರದ ಬಾಡಿಗೆಗಿಂತ ಹೆಚ್ಚು ಕೊಡಬೇಡಿ. ಅದನ್ನು ಸಂರಕ್ಷಣಾ ಯೋಜನೆಗೆ ಸೇರಿಸಿದ ದಾಖಲೆ ಮೂವತ್ತು ದಿನದೊಳಗೆ ಕೈಸೇರಬೇಕು. ಸಹಿ ಹಾಕುವ ಮುನ್ನ ಅದೇ ಮಾಲೀಕರ ಬೇರೊಂದು ಮನೆಯ ಬಾಗಿಲು ತಟ್ಟಿ, ಬಾಯ್ಲರ್ ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ ಎಂದು ಕೇಳಿ.

ಬಾಣಸವಾಡಿಯ ಬಾಡಿಗೆದಾರಳು

ಅಕ್ಕ, ನಿಮ್ಮ ಕಷ್ಟ ಅರ್ಥವಾಯಿತು. ಆದರೆ ನನ್ನ ಕಣ್ಣು ನಿಂತದ್ದು ಆವರಣದೊಳಗಿನ ಮಾತಿನ ಮೇಲೆ. ಅದು ಹೇಗೆ ಬೇರೆ ವಿಷಯ?

ಹೊರಮಾವು ನಮ್ಮ ಪಕ್ಕದ ಬಡಾವಣೆ. ಎರಡು ತಿಂಗಳಿಂದ ನಾನೂ ಮನೆ ಹುಡುಕುತ್ತಿದ್ದೇನೆ. ಅಲ್ಲಿ ಐದು ವಾರದ ಠೇವಣಿ ದೊಡ್ಡದೆನ್ನುತ್ತಾರೆ. ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವವರಿದ್ದಾರೆ, ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಹೋದ ಶನಿವಾರ ಒಂದು ಮನೆ ನೋಡಿದೆ. ಮಾಲೀಕರು ಹಜಾರದಲ್ಲಿ ಕೂರಿಸಿ ಕಾಫಿ ಕೊಟ್ಟರು. ಊರು ಕೇಳಿದರು, ಮಂಡ್ಯ ಎಂದೆ. ತಂದೆಯ ಹೆಸರು ಕೇಳಿದರು, ಹೇಳಿದೆ. ಆಮೇಲೆ "ನೀವು ಯಾವ ಪೈಕಿ?" ಎಂದರು. ಕಾಫಿ ಅರ್ಧ ಉಳಿದಿತ್ತು. ಸಂಜೆ ಬ್ರೋಕರ್ ಫೋನ್ ಮಾಡಿ, ಅವರ ಅಣ್ಣನ ಮಗ ಬರುತ್ತಾನಂತೆ ಎಂದ. ಆ ಮನೆಯ ಗೇಟಿನಲ್ಲಿ ಇಂದಿಗೂ ಬೋರ್ಡ್ ಇದೆ: ಸಸ್ಯಾಹಾರಿಗಳಿಗೆ ಮಾತ್ರ.

ಅವರಿಗೆ ಇರುವುದು ಎರಡೇ ಮನೆ, ಸಾವಿರವಲ್ಲ. ನಿಮ್ಮ ಫ್ಲ್ಯಾಟಿನ ಜಾಹೀರಾತಿನಲ್ಲಿ ಏನು ಬರೆದಿದೆ? ಅಡ್ವಾನ್ಸ್ ಎಷ್ಟು? ತಪ್ಪು ತಿಳಿಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಕೆಂಟಿನ ಕಾರ್ಕಳದವಳು

ಮೂರು ದಿನ ಉತ್ತರ ಬರೆಯಲಿಲ್ಲ. ರಾತ್ರಿ ಪಾಳಿ ಇತ್ತು ಎನ್ನಬಹುದು, ಇದ್ದದ್ದೂ ಹೌದು.

ಬಾಣಸವಾಡಿಯವರೇ, ಅಡ್ವಾನ್ಸ್ ಹತ್ತು ತಿಂಗಳದ್ದು. ಜಾಹೀರಾತನ್ನು ಹುಡುಕಿ ತೆಗೆದು ನೋಡಿದೆ. "ಸಸ್ಯಾಹಾರಿ ಕುಟುಂಬಕ್ಕೆ ಆದ್ಯತೆ" ಎಂದಿದೆ. ಬರೆದವನು ಬ್ರೋಕರ್. ಗೋಡೆ ಚೊಕ್ಕಟವಾಗಿರುತ್ತದೆ ಮೇಡಂ ಎಂದಿದ್ದ, ನಾನು ಹೂಂ ಎಂದಿದ್ದೆ. ಮೂರು ವರ್ಷದಿಂದ ಅದು ಹಾಗೇ ಇದೆ. ಬಂಗುಡೆ ಇಲ್ಲದೆ ನನಗೆ ಭಾನುವಾರವೇ ಆಗುವುದಿಲ್ಲ. ನನ್ನ ಫ್ಲ್ಯಾಟನ್ನು ನಾನೇ ಬಾಡಿಗೆಗೆ ಕೇಳಿದರೂ ಬ್ರೋಕರ್ ಗೇಟಿನಿಂದಲೇ ಸಾಗಹಾಕುತ್ತಿದ್ದ.

ನಿನ್ನೆ ಅವನಿಗೆ ಫೋನ್ ಮಾಡಿದೆ. ಆ ಸಾಲು ತೆಗೆಯಬಹುದು, ಆದರೆ ಅಸೋಸಿಯೇಷನ್ನಿನವರು ಗೊಣಗುತ್ತಾರೆ, ಮುಂದಿನ ಸಲ ಬಾಡಿಗೆ ಎರಡು ಸಾವಿರ ಇಳಿದರೂ ಇಳಿಯಿತು ಎಂದ. ಇಲ್ಲಿನ ಲೆಕ್ಕದಲ್ಲಿ ಇಪ್ಪತ್ತು ಪೌಂಡೂ ಅಲ್ಲ. ತೆಗೆಸಿದೆ. ಅಡ್ವಾನ್ಸನ್ನು ಐದು ತಿಂಗಳಿಗೆ ಇಳಿಸುವ ಮಾತು ಎತ್ತಿದಾಗ ಮಾತ್ರ ನನ್ನ ಗಂಡ, ಅಷ್ಟು ಹೊತ್ತು ಸುಮ್ಮನಿದ್ದವರು, ಸಾಲದ ಕಂತಿನ ಪಟ್ಟಿ ತಂದು ಮುಂದಿಟ್ಟರು. ಅದಿನ್ನೂ ತೀರ್ಮಾನವಾಗಿಲ್ಲ.

ಲೆಕ್ಕಿಗರು ಹೇಳಿದಂತೆ ಬಾಗಿಲು ತಟ್ಟಿ ಬಂದೆ. ಅದೇ ಮಾಲೀಕರ ಮನೆಯೊಂದರಲ್ಲಿ ನೈಜೀರಿಯದ ಹೆಂಗಸೊಬ್ಬರಿದ್ದಾರೆ, ಆರು ವರ್ಷದಿಂದ. ಬಾಯ್ಲರಿಗೆ ಎರಡು ದಿನ, ಉಳಿದದ್ದಕ್ಕೆ ಎರಡು ತಿಂಗಳು ಎಂದು ನಕ್ಕರು. ನಾವು ಹಿಡಿಯಲಿರುವ ಮನೆಯನ್ನೂ ಇನ್ನೊಮ್ಮೆ ನೋಡಿದೆವು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಭಾರೀ ಸದ್ದು ಮಾಡಿತು. ಪರ್ಸಿನಿಂದ ಒಂದು ಟಿಶ್ಯೂ ಕಾಗದ ತೆಗೆದು ಅದಕ್ಕೆ ಹಿಡಿದೆ. ಕಾಗದ ಅಂಟಲಿಲ್ಲ, ನೆಟ್ಟಗೆ ಒಲೆಯ ಮೇಲೆ ಬಿತ್ತು. ಫ್ಯಾನ್ ಬದಲಾಯಿಸಿದ ಮೇಲೆಯೇ ಸಹಿ ಎಂದು ಏಜೆಂಟರಿಗೆ ಬರೆದಿದ್ದೇನೆ, ಗುರುವಾರ ಬರುತ್ತಾರಂತೆ.

ಗಂಡ ಒಪ್ಪಿದ್ದಾರೆ. ಬಾಡಿಗೆ ಮಾತ್ರ ನಿನ್ನ ಖಾತೆಯಿಂದ ಹೋಗಲಿ, ನನ್ನದರಿಂದ ಬೇಡ ಎಂದಿದ್ದಾರೆ.