ವರಸೆ, ವಾರಸಾ, ಘರಾಣೆ: ಬಿಟ್ಟುಹೋದ ಕೋಚ್ ಹೆಸರಿಗೆ ಯಾವುದನ್ನು ಹಚ್ಚೋಣ?

ಗೆಳೆಯರೆ,

ಮೊದಲು ಪ್ರಶ್ನೆ, ಆಮೇಲೆ ಪುರಾಣ. ಒಬ್ಬ ಕೋಚ್ ತಂಡ ಬಿಟ್ಟು ಹೋದ ಮೇಲೆ ಅವನದೆಂದು ಅಲ್ಲಿ ಏನೋ ಉಳಿದಿರುತ್ತದೆ. ಇಂಗ್ಲಿಷ್ ಪತ್ರಿಕೆಗಳು ‘ಲೆಗಸಿ’ ಎಂದು ಬರೆಯುತ್ತವಲ್ಲ, ಅದು. ಅದಕ್ಕೆ ಹುಬ್ಬಳ್ಳಿ-ಧಾರವಾಡದ ಕಡೆ ಬಾಯಲ್ಲಿ ಓಡಾಡುವ ಮಾತು ಯಾವುದು? ಅವನು ಆಡಿಸುತ್ತಿದ್ದ ರೀತಿಗೆ ಯಾವುದು? ಎರಡನ್ನೂ ಒಂದೇ ಪದದಲ್ಲಿ ಹಿಡಿಯಲು ಬರುತ್ತದೆಯೇ?

ಇದು ಹುಟ್ಟಿದ್ದು ಹುಬ್ಬಳ್ಳಿಯ ಕೇಶ್ವಾಪುರದ ಒಂದು ಚಹಾದಂಗಡಿಯ ಮುಂದೆ. ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ತಂಡದ ಅಭಿಮಾನಿಗಳು ಅಲ್ಲಿ ನಾಲ್ಕೈದು ಜನ ಸೇರಿದರೆ ಈಗಿನ ತಂಡದ ಮಾತು ಬೇಗ ಮುಗಿಯುತ್ತದೆ, ಹಳೆಯ ಕೋಚ್‌ಗಳದು ಮುಗಿಯುವುದಿಲ್ಲ. ಅವತ್ತು ಸಿಕ್ಕಿಕೊಂಡವರು ಸ್ಪೇನಿನ ಇಬ್ಬರು: ಆಲ್ಬರ್ಟ್ ರೋಕಾ ಮತ್ತು ಕಾರ್ಲೆಸ್ ಕ್ವಾದ್ರಾತ್.

ಫುಟ್‌ಬಾಲ್ ನೋಡದವರಿಗಾಗಿ ಇಷ್ಟು ಹಿನ್ನೆಲೆ. ರೋಕಾ ಬಂದದ್ದು 2016ರಲ್ಲಿ. ಅದಕ್ಕೂ ಮುಂಚೆ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೈಕೆಳಗೆ ಸಹಾಯಕ ಕೋಚ್ ಆಗಿದ್ದವರು. ಬಂದ ವರ್ಷವೇ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ಪಿನ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ, ಆ ಟೂರ್ನಿಯ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎನ್ನಿಸಿದರು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0-1ರಿಂದ ಸೋತರು. 2017ರಲ್ಲಿ ಫೆಡರೇಷನ್ ಕಪ್, 2018ರಲ್ಲಿ ಸೂಪರ್ ಕಪ್ ಬಂತು. ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಕಾಲಿಟ್ಟ 2017-18ರಲ್ಲಿ 18 ಪಂದ್ಯಗಳಿಂದ 40 ಅಂಕ, 35 ಗೋಲು, ಪಟ್ಟಿಯ ತುದಿ. ಆಮೇಲೆ ತಮ್ಮದೇ ಅಂಗಳದ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2-3ರಿಂದ ಶರಣು.

ಕ್ವಾದ್ರಾತ್ ಇದೇ ರೋಕಾ ಅವರ ಸಹಾಯಕರಾಗಿದ್ದವರು. 2018ರಲ್ಲಿ ಗುರು ಹೋದರು, ಶಿಷ್ಯ ಕುರ್ಚಿ ಹಿಡಿದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಅವಧಿಗೆ ಹೋಗಿ, ಕೊನೆಕೊನೆಗೆ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೆಕೆ ತಲೆ ಕೊಟ್ಟರು. 1-0. ರೋಕಾ ಕೈಗೆ ಸಿಗದ ಕಪ್ಪು ಕ್ವಾದ್ರಾತ್ ಕೈಗೆ ಬಂತು. ಮುಂದಿನ ಸಾಲಿನಲ್ಲಿ 18 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 13 ಗೋಲು. ಹೊಡೆದದ್ದು 22. 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ಬೆನ್ನಿಗೆ, ಅವರೂ ಹೊರಟರು.

ಜಗಳ ಇದರ ಮೇಲೆ. ಕಿವಿಗೆ ಬಿದ್ದ ಹಾಗೇ ಕೊಡುತ್ತೇನೆ.

“ರೋಕಾ ಚೆಂಡ ಕಾಲಾಗ ಇಟ್ಕೊಂಡ ಆಡಸ್ತಿದ್ದ್ರಿ. ಇಂವ ಬಂದ, ಕದಾ ಹಾಕ್ಕೊಂಡ ಕುಂತ.”

“ಕದಾ ಹಾಕ್ಕೊಂಡ್ರ ಏನಾತೋ? ಕಪ್ಪು ಒಳಗ ಬಂತಿಲ್ಲೋ?”

‘ಕದಾ ಹಾಕ್ಕೊಂಡು ಆಡೋದು’ ಎಂಬುದನ್ನು ದಯವಿಟ್ಟು ಯಾರಾದರೂ ಪದಕೋಶಕ್ಕೆ ಸೇರಿಸಿ. ಬಚಾವಿನ ಆಟಕ್ಕೆ ಇಂಗ್ಲಿಷಿನಲ್ಲಿ ಗೋಲಿನ ಮುಂದೆ ಬಸ್ ತಂದು ನಿಲ್ಲಿಸಿದರು ಎನ್ನುವ ಬೈಗುಳವಿದೆ. 2004ರಲ್ಲಿ ಟಾಟನ್‌ಹ್ಯಾಮ್ ತಂಡದ ಮೇಲೆ ಜೋಸೆ ಮೌರಿನೊ ಪ್ರಯೋಗಿಸಿದ್ದು. ಮುಂದೆ ಅದು ಅವರಿಗೇ ಅಂಟಿಕೊಂಡಿತು. ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ‘ಬಸ್ ನಿಲ್ಲಿಸಿದರು’ ಎಂದರೆ ನಮ್ಮ ಊರಿನಲ್ಲಿ ಚಿಗರಿ ಬಸ್ಸು ಕೆಟ್ಟು ನಿಂತಿತೇ ಎಂದು ಕೇಳುತ್ತಾರೆ. ಕದ ಹಾಕಿಕೊಳ್ಳುವುದರಲ್ಲಿ ಹೆದರಿಕೆಯೂ ಇದೆ, ಒಳಗಿನದನ್ನು ಕಾಯುವ ಜಾಣತನವೂ ಇದೆ. ಬಯ್ಯುವವರು ಮೊದಲನೆಯದನ್ನು ಕೇಳಿಸಿಕೊಂಡರು, ಮೆಚ್ಚುವವರು ಎರಡನೆಯದನ್ನು.

ಇನ್ನು ಮೂಲ ಪ್ರಶ್ನೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಸಿಗುವ ಮಾತುಗಳು ಕೊಡುಗೆ, ಛಾಪು, ಪರಂಪರೆ. ಕೊಡುಗೆ ಸನ್ಮಾನ ಪತ್ರದ ಮಾತಾಗಿ ಸವೆದಿದೆ, ಅದರಲ್ಲಿ ತಕರಾರಿಗೆ ಜಾಗವೇ ಇಲ್ಲ. ‘ಕ್ವಾದ್ರಾತ್ ಕೊಡುಗೆ ಕೆಟ್ಟದ್ದು’ ಎನ್ನಲು ನಾಲಿಗೆ ಬರುವುದಿಲ್ಲ. ಛಾಪು ಮೂಡುತ್ತದೆ, ಅಷ್ಟೇ, ಅದನ್ನು ಮುಂದಿನವರು ಬಳಸಲಾರರು. ಪರಂಪರೆ ಎಂದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬರಬೇಕು. ಎರಡೂವರೆ ವರ್ಷ ಇದ್ದು ಹೋದ ಒಬ್ಬ ಮನುಷ್ಯನ ತಲೆಗೆ ಅಷ್ಟು ದೊಡ್ಡ ರುಮಾಲು ಸುತ್ತಿದರೆ ನಗು ಬರುತ್ತದೆ.

ಚಹಾದಂಗಡಿಯಲ್ಲಿ ಈ ಮೂರೂ ಬರಲಿಲ್ಲ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಕಾಕಾ ಒಬ್ಬರು ಕಪ್ಪು-ಬಸಿ ಕೆಳಗಿಟ್ಟು ಅಂದರು: “ಆಸ್ತಿ ರೋಕಾಂದು. ಇಂವ ವಾರಸಾ ಹಚ್ಚಿಸ್ಕೊಂಡ, ಅಷ್ಟ.”

ದಕ್ಷಿಣದವರಿಗೆ ಇದು ಒಡೆದು ಹೇಳಬೇಕಾದ ಮಾತು. ನಮ್ಮ ಕಡೆ ಹೊಲದ ಮಾಲೀಕ ತೀರಿಕೊಂಡ ಮೇಲೆ ಮಕ್ಕಳ ಹೆಸರನ್ನು ಉತಾರದಲ್ಲಿ ಸೇರಿಸುವುದಕ್ಕೆ ‘ವಾರಸಾ ಹಚ್ಚೋದು’ ಅನ್ನುತ್ತಾರೆ. ಉತಾರ ಅಂದರೆ ನಿಮ್ಮ ಪಹಣಿ. ವಾರಸುದಾರ ಎಲ್ಲ ಕಡೆಯೂ ಇದೆ, ಮೂಲ ಅರಬ್ಬಿಯದು. ಪಕ್ಕದ ಮರಾಠಿಯಲ್ಲಿ ‘ವಾರಸಾ’ ಹೊಲಮನೆ ದಾಟಿ ಸಂಸ್ಕೃತಿಯವರೆಗೂ ಹೋಗಿದೆ, ಜಾಗತಿಕ ವಾರಸಾ ಎನ್ನುವಷ್ಟು. ನಮ್ಮಲ್ಲಿ ಅದು ತಲಾಠಿಯ (ಗ್ರಾಮಲೆಕ್ಕಿಗನ) ಕಟ್ಟೆ ಇಳಿದಿಲ್ಲ. ಅದಕ್ಕೇ ಕಾಕಾ ಆಡಿದ ಮಾತು ಚುಚ್ಚಿತು. ತಂಡ ಕಟ್ಟಿದವನು ಒಬ್ಬ, ಕಾಗದದಲ್ಲಿ ಹೆಸರು ಇನ್ನೊಬ್ಬನದು ಎಂಬ ಹಳೆಯ ಹಳ್ಳಿಯ ದೂರು ಅದರೊಳಗೆ ಇದೆ.

ಆದರೆ ತೊಡಕೂ ಅಲ್ಲೇ ಇದೆ. ವಾರಸಾ ಪಡೆಯುವವನ ಕಡೆಯಿಂದ ನೋಡುವ ಮಾತು. ಲೆಗಸಿ ಬಿಟ್ಟವನ ಕಡೆಯದು. ‘ರೋಕಾ ಅವರ ವಾರಸಾ ಏನು’ ಎಂದು ಕೇಳಿದರೆ ‘ರೋಕಾಗೆ ಯಾರಿಂದ ಏನು ಬಂತು’ ಎಂದೂ ಅರ್ಥವಾಗುತ್ತದೆ. ಅಲ್ಲಿದ್ದ ಹುಡುಗನೊಬ್ಬ ಇನ್ನೊಂದು ಆಕ್ಷೇಪ ಎತ್ತಿದ: “ಕಾಕಾ, ವಾರಸಾ ಸತ್ತೋರದು. ಜೀಂವ ಇದ್ದೋರದು ವಾಟ್ನಿ. ರೋಕಾ ಗಟ್ಟಿಮುಟ್ಟ ಅದಾನ, ತಿರಗಿ ಬಾರ್ಸಿಲೋನಾಕ್ಕೂ ಹೋಗಿ ಬಂದ.” ವಾಟ್ನಿ ಅಂದರೆ ಆಸ್ತಿ ಪಾಲು ಮಾಡಿಕೊಳ್ಳುವುದು. ನಿಜ, 2020ರಲ್ಲಿ ರೋಕಾ ಬಾರ್ಸಿಲೋನಾಕ್ಕೆ ದೇಹದಾರ್ಢ್ಯ ನೋಡಿಕೊಳ್ಳುವ ಕೋಚ್ ಆಗಿ ಮರಳಿದ್ದರು. ಹುಡುಗ ವಕೀಲಿ ಓದಬೇಕು.

ಘರಾಣೆ, ಅಂದರೆ ಹಿಂದುಸ್ತಾನಿ ಸಂಗೀತದ ಗುರು-ಶಿಷ್ಯರ ಮನೆತನ, ಆ ಮಾತು ಎತ್ತಿದ್ದು ನಾನು. ಧಾರವಾಡದವನಾಗಿ ಎತ್ತದೆ ಇರುವುದು ಹೇಗೆ? ಈ ಸೀಮೆಯಲ್ಲಿ ಘರಾಣೆ ಪಂಡಿತರ ಸೊತ್ತಾಗಿ ಉಳಿದಿಲ್ಲ. ‘ದೊಡ್ಡ ಘರಾಣ್ಯಾಗಿನ ಮಂದಿ’ ಎಂದು ಮನೆತನಕ್ಕೂ ಅನ್ನುತ್ತೇವೆ. ಆಟದ ರೀತಿ, ಕಲಿಸಿದವರು, ಕಲಿತವರು, ಮೂರೂ ಒಂದೇ ಪದದೊಳಗೆ ಕೂಡುವ ಮಾತು ನನಗೆ ಗೊತ್ತಿರುವಂತೆ ಇದೊಂದೇ. ಕುಂದಗೋಳದ ಸವಾಯಿ ಗಂಧರ್ವರ ಬಳಿ ಗಂಗೂಬಾಯಿ ಹಾನಗಲ್ ಕಲಿತರು, ಗದಗದ ಭೀಮಸೇನ ಜೋಶಿ ಕಲಿತರು. ಇಬ್ಬರ ದನಿ, ಓಟ, ರಾಗ ಬಿಚ್ಚುವ ಬಗೆ ಬೇರೆ ಬೇರೆ. ಆದರೂ ಇಬ್ಬರೂ ಕಿರಾಣಾ ಘರಾಣೆಯವರೇ, ಯಾರೂ ತಕರಾರು ಮಾಡುವುದಿಲ್ಲ. ಹಾಗೆ ನೋಡಿದರೆ ರೋಕಾ ಗರಡಿಯ ಕ್ವಾದ್ರಾತ್ ಕದ ಹಾಕಿಕೊಂಡು ಆಡಿಸಿದರೂ ಅದೇ ಘರಾಣೆ ಎನ್ನಬಹುದು. ಶಿಷ್ಯ ಗುರುವಿನ ನಕಲು ಆಗಬೇಕೆಂದಿಲ್ಲ ಎಂಬ ಸವಲತ್ತು ಈ ಪದದಲ್ಲಿದೆ, ಅದು ‘ಶೈಲಿ’ಯಲ್ಲಿ ಇಲ್ಲ.

ನನ್ನ ಮಾತಿಗೆ ನಾನೇ ಅಡ್ಡಿ ಹೇಳಿಕೊಳ್ಳುತ್ತೇನೆ. ಮೂರು ತಲೆಮಾರು ನಡೆದರಷ್ಟೇ ಘರಾಣೆ ಎನ್ನುವುದು ಸಂಗೀತದವರ ಲೆಕ್ಕ. ರೋಕಾ, ಕ್ವಾದ್ರಾತ್, ಆಮೇಲೆ? ಕ್ಲಬ್ಬಿನ ಮುಂದಿನ ಕಾಯಂ ಕೋಚ್‌ಗಳು ಆ ಸಾಲಿನವರಲ್ಲ. ಹಿಂದಕ್ಕೆ ಹೋದರೂ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಸಿಗುತ್ತಾರೆ: ಹೊಸ ಕ್ಲಬ್ಬಿಗೆ 2013-14ರಲ್ಲಿ, ಮೊದಲ ಪ್ರಯತ್ನದಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದುಕೊಟ್ಟು, 2015-16ರಲ್ಲಿ ಮತ್ತೊಮ್ಮೆ ಗೆದ್ದವರು. ಅವರ ಮತ ಬೇರೆ, ಮಠ ಬೇರೆ.

ಹಾಗಾಗಿ ನಾನು ಬಂದು ನಿಂತದ್ದು ‘ವರಸೆ’ ಹತ್ತಿರ. ಕತ್ತಿವರಸೆ, ದೊಣ್ಣೆವರಸೆ ಗೊತ್ತಿರುವುದೇ. ಸಂಗೀತಕ್ಕೆ ಕೂತ ಮಕ್ಕಳಿಗೆ ಸರಳೆ ವರಸೆ, ಜಂಟಿ ವರಸೆ. ‘ಏನೋ ವರಸೆ ಬದಲಾಗಿದೆಯಲ್ಲ’ ಎಂದು ಮನುಷ್ಯನಿಗೂ ಅನ್ನುತ್ತೇವೆ. ಆಡಿಸುವ ರೀತಿಗೆ ಇದಕ್ಕಿಂತ ಒಳ್ಳೆಯ ಮಾತು ಬೇಡ. ಶೈಲಿ ನೋಡುವವನ ಕಣ್ಣಿಗೆ ಕಾಣುವ ಚೆಲುವು, ವರಸೆ ಎದುರಾಳಿಗೆ ತಗಲುವ ಪೆಟ್ಟು. 2019ರ ಫೈನಲ್‌ನಲ್ಲಿ ಕಾರ್ನರ್ ಒದೆತಕ್ಕೆ ಯಾರು ಎಲ್ಲಿ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂದು ದಿನಗಟ್ಟಲೆ ತಿದ್ದಿ ತೀಡಿದ ಕೆಲಸವಿತ್ತಲ್ಲ, ಅದನ್ನು ಕ್ವಾದ್ರಾತ್ ಶೈಲಿ ಎಂದರೆ ಬಡಕಲಾಗಿ ಕೇಳಿಸುತ್ತದೆ. ಕ್ವಾದ್ರಾತ್ ವರಸೆ ಎನ್ನಿ, ಕೂತಿತು.

ವರಸೆಗೆ ಇನ್ನೊಂದು ಮುಖವೂ ಇದೆ. ‘ಅಂವಾ ನನಗ ವರಸಿಂದ ಮಾಂವ ಆಗ್ಬೇಕು’ ಎನ್ನುವಾಗ ಅದು ಸಂಬಂಧದ ಮಾತು. ತಮಿಳಿನ ‘ವರಿಸೈ’, ತೆಲುಗಿನ ‘ವರುಸ’ ಇದರ ಅಣ್ಣತಮ್ಮಂದಿರು. ಸಾಲು, ಕ್ರಮ ಎಂಬುದು ಎಲ್ಲಕ್ಕೂ ಅಡಿಯಲ್ಲಿರುವ ಅರ್ಥ, ತೆಲುಗಿನಲ್ಲಿ ನಂಟಸ್ತಿಕೆಯ ಅರ್ಥವೂ ಇದೆ. ವರಸೆಯೂ ವಾರಸವೂ ಒಂದೇ ಬೇರಿನವು ಎಂದು ಅಲ್ಲೊಬ್ಬರು ಗಟ್ಟಿಯಾಗಿ ವಾದಿಸಿದರು. ಅಲ್ಲ. ಒಂದು ದ್ರಾವಿಡ, ಇನ್ನೊಂದು ಅರಬ್ಬಿ. ಸದ್ದು ಕೂಡಿದ್ದು ಕಾಕತಾಳೀಯ.

ಹಾಗೆಂದು ಬಿಟ್ಟುಹೋದದ್ದಕ್ಕೂ ವರಸೆಯನ್ನೇ ಎಳೆದು ತರಬಹುದೇ? ನನಗೆ ಒಪ್ಪಿಗೆಯಿಲ್ಲ. ವರಸೆ ಆಳಿನ ಜೊತೆ ಹೊರಟುಹೋಗುತ್ತದೆ. ಕ್ವಾದ್ರಾತ್ ಮುಂದೆ ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಒಡಿಶಾವನ್ನು 3-2ರಿಂದ ಸೋಲಿಸಿ ಸೂಪರ್ ಕಪ್ ಗೆದ್ದರು. ವರಸೆ ಕೋಲ್ಕತ್ತಕ್ಕೆ ಹೋಯಿತು ಎನ್ನಬೇಕು. ಹಿಂದೆ ಉಳಿದದ್ದಕ್ಕೆ ಕನ್ನಡ ನಾಮಪದವನ್ನು ಹುಡುಕುವುದೇ ತಪ್ಪು ದಾರಿ ಅನ್ನಿಸುತ್ತದೆ. ನಾವು ಕ್ರಿಯಾಪದದಲ್ಲಿ ಕೇಳುವವರು: ಏನ್ ಗಳಿಸಿದ, ಏನ್ ಕಲಿಸಿದ, ಏನ್ ಬಿಟ್ಟು ಹೋದ. ಚಹಾದಂಗಡಿಯ ಜಗಳ ಬಗೆಹರಿಯದಿದ್ದುದು ಇವು ಕಲಸಿಹೋಗಿದ್ದಕ್ಕೆ. ಒಬ್ಬರು ಗಳಿಸಿದ್ದನ್ನು ಎಣಿಸುತ್ತಿದ್ದರು, ಇನ್ನೊಬ್ಬರು ಕಲಿಸಿದ್ದನ್ನು. ಗಳಿಕೆಯಲ್ಲಿ ಐಎಸ್‌ಎಲ್ ಕಪ್ಪು ಕ್ವಾದ್ರಾತ್ ಅವರದೇ, ಅದರಲ್ಲಿ ಪಾಲು ಕೇಳುವಂತಿಲ್ಲ. ಕಲಿಕೆಯಲ್ಲಿ ನಾನು ರೋಕಾ ಕಡೆ ವಾಲುತ್ತೇನೆ, ಏಷ್ಯಾದ ತಂಡಗಳ ಮುಂದೆ ಹೆದರದೆ ಚೆಂಡು ಕೇಳುವ ಧೈರ್ಯ ಆ ಎರಡು ವರ್ಷದಲ್ಲಿ ಬಂತು. ಸುರೇಶ್ ಸಿಂಗ್ ವಾಂಗ್ಜಮ್‌ನಂಥ ಹುಡುಗನನ್ನು 2019-20ರಲ್ಲಿ ಮಧ್ಯಾಂಗಣಕ್ಕೆ ಇಳಿಸಿ ಬೆಳೆಸಿದ್ದು ಕ್ವಾದ್ರಾತ್ ಎಂದು ಯಾರಾದರೂ ಎದುರು ಹೇಳಿದರೆ, ಅದೂ ಸರಿಯೇ.

‘ಮ್ಯಾನೇಜರ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಊರಲ್ಲಿ ಮ್ಯಾನೇಜರ್ ಬ್ಯಾಂಕಿನಲ್ಲಿ ಇರುತ್ತಾನೆ. ‘ವ್ಯವಸ್ಥಾಪಕ’ ಎಂದರೆ ತಂಡದ ಟಿಕೆಟ್ಟು, ಊಟ, ವಸತಿ ನೋಡುವವನು. ‘ತರಬೇತುದಾರ’ ಸರಕಾರಿ ಶಿಬಿರದವನು. ಗರಡಿಮನೆಯ ‘ವಸ್ತಾದ’ ಮಾತ್ರ ಈ ಕೆಲಸದ ಪೂರ್ತಿ ಭಾರ ಹೊರಬಲ್ಲದು: ಉಣಿಸುವವನು, ಬೆವರಿಳಿಸುವವನು, ಯಾರನ್ನು ಯಾವ ಕುಸ್ತಿಗೆ ಇಳಿಸಬೇಕೆಂದು ತೀರ್ಮಾನಿಸುವವನು, ಸೋತರೆ ಬೈಸಿಕೊಳ್ಳುವವನು. ವಸ್ತಾದ ಕ್ವಾದ್ರಾತ್ ಎಂದು ಬರೆದರೆ ಬೆಂಗಳೂರಿನ ಓದುಗರು ಹುಬ್ಬೇರಿಸುತ್ತಾರೇನೋ. ಏರಿಸಲಿ.

ಬಲ್ಲವರಲ್ಲಿ ಕೇಳುವುದು ಇಷ್ಟು. ಹಾವೇರಿ, ರಾಣೆಬೆನ್ನೂರು ಕಡೆಯ ಗರಡಿಗಳಲ್ಲಿ ‘ಇಂಥ ವಸ್ತಾದನ ವರಸಿ’ ಎಂದು ಆಳಿನ ಹೆಸರಿಗೆ ವರಸೆ ಹಚ್ಚುವ ರೂಢಿ ಇದೆಯೇ, ಅಥವಾ ಅಲ್ಲಿ ಪಟ್ಟು, ಡಾವು ಎಂದಷ್ಟೇ ಅನ್ನುತ್ತಾರೆಯೇ? ಗದಗಿನ ಕಡೆ ಬದುಕಿರುವವರ ವಿಷಯದಲ್ಲಿ ‘ವಾರಸಾ’ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಪೂರ್ತಿ ವಾಕ್ಯವನ್ನೇ ಬರೆದು ಕಳಿಸಿ. ಬರೀ ‘ಹೌದು, ಬಳಸುತ್ತಾರೆ’ ಎಂದರೆ ಕಾಕಾ ಒಪ್ಪುವುದಿಲ್ಲ.