ಅಕ್ರಿಲಿಕ್ ಡಿಸ್ಟ್ರೋ ಪ್ಲೇಟ್: ಫಿಟ್ಟಿಂಗ್ ಸುತ್ತ ಬಿರುಕು, ಮುಚ್ಚಳದ ಅಂಚಿನಲ್ಲಿ ಒಸರು

ಪ್ರಶ್ನೆ

ನನ್ನ ವಾಟರ್ ಕೂಲಿಂಗ್ ಕಂಪ್ಯೂಟರಿಗೆಂದು ನಾನೇ ನಕ್ಷೆ ಬರೆದು, ಪೀಣ್ಯದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಕಾರ್ಯಾಗಾರದಲ್ಲಿ ಡಿಸ್ಟ್ರೋ ಪ್ಲೇಟ್, ಅಂದರೆ ತಂಪು ನೀರನ್ನು ಬೇರೆ ಬೇರೆ ಭಾಗಗಳಿಗೆ ಹಂಚುವ ಹಲಗೆ, ಮಾಡಿಸಿದ್ದೇನೆ. ನೀರು ಹರಿಯುವ ಕಾಲುವೆಗಳನ್ನು 20 ಮಿ.ಮೀ. ದಪ್ಪದ ಅಕ್ರಿಲಿಕ್‌ನಲ್ಲಿ ಕೊರೆದು, 6 ಮಿ.ಮೀ. ಮುಚ್ಚಳವನ್ನು ಎಂ4 ಸ್ಕ್ರೂಗಳಿಂದ ಬಿಗಿಯಲಾಗಿದೆ. ಎರಡರ ನಡುವೆ ನೀರು ಸೋರದಂತೆ 2 ಮಿ.ಮೀ. ನೈಟ್ರೈಲ್ ರಬ್ಬರಿನ ಓ-ರಿಂಗ್ ಹುರಿ ಇದೆ. ಮೊದಲ ಸಲ ನೀರು ತುಂಬಿದಾಗ ಕೊಳವೆ ಜೋಡಿಸುವ ಫಿಟ್ಟಿಂಗ್‌ಗಳ ಬುಡದಲ್ಲಿ ತೇವ ಕಾಣಿಸಿತು. ಟೆಫ್ಲಾನ್ ಟೇಪ್ ಸುತ್ತಿ, ಸ್ಪ್ಯಾನರ್‌ನಿಂದ ಇನ್ನಷ್ಟು ಬಿಗಿ ಮಾಡಿದ ಮೇಲೆ ಅದು ನಿಂತಿತು. ಆದರೆ ಮರುದಿನ ಎಂಟು ರಂಧ್ರಗಳ ಪೈಕಿ ಮೂರರ ಸುತ್ತ ಕೂದಲೆಳೆಯಂಥ ಬಿರುಕುಗಳು ಹೊರಮುಖವಾಗಿ ಹರಡಿದ್ದವು, ಮುಚ್ಚಳದ ಎಡ ಅಂಚಿನಲ್ಲೂ ನೀರು ಒಸರುತ್ತಿತ್ತು. ಅಕ್ರಿಲಿಕ್ ಅಂಟಿಸುವವರು ಬಳಸುವ ಕ್ಲೋರೋಫಾರ್ಮನ್ನು ಬಿರುಕುಗಳಿಗೆ ಹರಿಸಿದರೆ ಅವು ಕೂಡಿಕೊಳ್ಳುತ್ತವೆಯೇ?

ಉತ್ತರ

ದಯವಿಟ್ಟು ಕ್ಲೋರೋಫಾರ್ಮ್ ಹಾಕಬೇಡಿ. ಎರಡು ಸ್ವಚ್ಛ ಮುಖಗಳನ್ನು ಅಂಟಿಸಲು ಅದು ಸರಿ, ಆದರೆ ಒತ್ತಡದಲ್ಲಿರುವ ಅಕ್ರಿಲಿಕ್‌ಗೆ ತಗುಲಿದರೆ ಬಿರುಕು ಇನ್ನಷ್ಟು ಓಡುತ್ತದೆ. ಮೊದಲು ನೀರನ್ನು ಪೂರ್ತಿ ಬಸಿದು, ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಒಣಗಲು ಬಿಡಿ. ಆಮೇಲೆ ನಾಲ್ಕು ಸಂಗತಿಗಳನ್ನು ನೋಡಿ ಹೇಳಿ. ಟೇಪ್ ತೆಗೆದು ಫಿಟ್ಟಿಂಗನ್ನು ಬರಿಗೈಯಲ್ಲಿ ತಿರುಗಿಸಿದಾಗ, ಅದರ ಓ-ರಿಂಗ್ ಪ್ಲೇಟಿಗೆ ತಾಗುವ ಮೊದಲೇ ನಿಂತುಬಿಡುತ್ತದೆಯೇ? ಪ್ಲೇಟನ್ನು ಯಾವುದರಿಂದ ಒರೆಸಿದಿರಿ? ಮುಚ್ಚಳದ ಓ-ರಿಂಗ್ ಕೂರುವ ತೋಡಿನ ಆಳ, ಅಗಲ ಎಷ್ಟು? ಸ್ಕ್ರೂಗಳ ನಡುವಿನ ಅಂತರ ಎಷ್ಟು?

ಪ್ರಶ್ನೆ ಕೇಳಿದವರು

ಫಿಟ್ಟಿಂಗ್ ಎರಡು ಸುತ್ತಿಗೇ ಬಿಗಿಯಾಗಿ ನಿಲ್ಲುತ್ತದೆ. ಓ-ರಿಂಗ್ ಮತ್ತು ಪ್ಲೇಟಿನ ನಡುವೆ ಸುಮಾರು 2 ಮಿ.ಮೀ. ಸಂದು ಉಳಿಯುತ್ತದೆ. ಎಣ್ಣೆಯ ಜಿಡ್ಡು ಹೋಗಲೆಂದು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ್ದೆ. ತೋಡಿನ ಆಳ 1.9, ಅಗಲ 2.6 ಮಿ.ಮೀ.; ಸ್ಕ್ರೂಗಳ ಅಂತರ 70 ಮಿ.ಮೀ. ನಕ್ಷೆಯಲ್ಲಿ ನಾನು "1/4 ಇಂಚು ಪೈಪ್ ಥ್ರೆಡ್" ಎಂದಷ್ಟೇ ಬರೆದಿದ್ದೆ.

ಉತ್ತರ

ಮೂಲ ಇರುವುದು ನಿಮ್ಮ ನಕ್ಷೆಯ ಆ ಕೊನೆಯ ಸಾಲಿನಲ್ಲಿ. ಕಂಪ್ಯೂಟರ್ ಫಿಟ್ಟಿಂಗ್‌ಗಳ ಜಿ 1/4 ಥ್ರೆಡ್ (ಸ್ಕ್ರೂವಿನಂಥ ಸುರುಳಿ ಹಲ್ಲು) ಸಮಾಂತರವಾದದ್ದು, ಅಂದರೆ ಉದ್ದಕ್ಕೂ ಒಂದೇ ಅಗಲದ್ದು. ಅಲ್ಲಿ ನೀರನ್ನು ತಡೆಯುವುದು ಫಿಟ್ಟಿಂಗಿನ ಬುಡದ ಓ-ರಿಂಗೇ ಹೊರತು ಥ್ರೆಡ್ ಅಲ್ಲ. ನಲ್ಲಿ ಕೆಲಸದಲ್ಲಿ ಬಳಸುವ ಪೈಪ್ ಥ್ರೆಡ್ ಒಳಹೋದಂತೆ ಕಿರಿದಾಗುತ್ತದೆ. ಎರಡಕ್ಕೂ ಇಂಚಿಗೆ 19 ಹಲ್ಲು, 55 ಡಿಗ್ರಿ ಕೋನ ಇರುವುದರಿಂದ ನಿಮ್ಮ ಫಿಟ್ಟಿಂಗ್ ಮೊದಲ ಸುತ್ತುಗಳಲ್ಲಿ ಯಾವ ಸುಳಿವನ್ನೂ ಕೊಡದೆ ಒಳಹೋಗಿ, ನಂತರ ಬೆಣೆಯಂತೆ ಸಿಕ್ಕಿಕೊಂಡಿದೆ. ಟೇಪ್ ಆ ಬೆಣೆಯನ್ನು ಇನ್ನಷ್ಟು ದಪ್ಪ ಮಾಡಿತು, ಸ್ಪ್ಯಾನರ್ ಅದನ್ನು ಒಳಗೆ ಹೊಡೆಯಿತು. ಹಿತ್ತಾಳೆ ಇದನ್ನು ತಾಳಿಕೊಳ್ಳಬಹುದು, ಅಕ್ರಿಲಿಕ್ ಸೀಳುತ್ತದೆ. ಹೀಗೆ ಎಳೆತದಲ್ಲಿದ್ದ ಜಾಗಕ್ಕೆ ಆಲ್ಕೋಹಾಲ್ ತಗುಲಿದ್ದರಿಂದ ಒಂದೇ ರಾತ್ರಿಯಲ್ಲಿ ಬಿರುಕುಗಳು ಕಣ್ಣಿಗೆ ಬಿದ್ದಿವೆ. ಅಕ್ರಿಲಿಕ್ಕನ್ನು ಉಗುರುಬೆಚ್ಚಗಿನ ನೀರು, ಮೃದುವಾದ ಸಾಬೂನಿನಿಂದಲೇ ತೊಳೆಯಬೇಕು.

ಮುಚ್ಚಳದ ಒಸರು ಬೇರೆಯದೇ ಸಮಸ್ಯೆ. 1.9 ಮಿ.ಮೀ. ಆಳದ ತೋಡಿನಲ್ಲಿ 2 ಮಿ.ಮೀ. ಹುರಿ ಅದುಮುವುದು ಶೇ. 5 ಮಾತ್ರ. 1.5 ಆಳ, 2.7 ಅಗಲ ಕೊಟ್ಟಿದ್ದರೆ ಶೇ. 25ರಷ್ಟು ಅದುಮಿ, ಪಕ್ಕಕ್ಕೆ ಹರಡಲು ಜಾಗವೂ ಉಳಿಯುತ್ತಿತ್ತು. 70 ಮಿ.ಮೀ. ಅಂತರದಲ್ಲಿ 6 ಮಿ.ಮೀ. ಮುಚ್ಚಳ ಸ್ಕ್ರೂಗಳ ನಡುವೆ ಉಬ್ಬುವುದರಿಂದ, 30 ಮಿ.ಮೀ.ಗೊಂದು ಸ್ಕ್ರೂ ಇಡಿ.

ಇನ್ನೊಬ್ಬರು

ತೋಡು ಆಳವಾಗಿದ್ದರೆ 2.5 ಮಿ.ಮೀ. ಹುರಿ ಹಾಕಿದರೆ ಸಾಲದೇ? ಹೊಸ ಪ್ಲೇಟಿನ ಖರ್ಚು ಉಳಿಯುತ್ತದೆ.

ಉತ್ತರ

ಸಾಲದು. ರಬ್ಬರ್ ಆಕಾರ ಬದಲಿಸುತ್ತದೆ, ಗಾತ್ರದಲ್ಲಿ ಕುಗ್ಗುವುದಿಲ್ಲ. 2.5 ಮಿ.ಮೀ. ಹುರಿಯ ಅಡ್ಡಕೊಯ್ತ ಸುಮಾರು 4.9 ಚದರ ಮಿ.ಮೀ., ಈ ತೋಡಿನದು 1.9 ಗುಣಿಸು 2.6, ಅಂದರೆ 4.94. ತೋಡು ಕಿಕ್ಕಿರಿದು ತುಂಬಿ, ಹುರಿಯ ಅಳತೆಯಲ್ಲಿ ಎಳ್ಳಷ್ಟು ಹೆಚ್ಚಾದರೂ ಮುಚ್ಚಳ ಕೂರುವುದಿಲ್ಲ. ಬಲವಂತವಾಗಿ ಬಿಗಿದರೆ ಸ್ಕ್ರೂಗಳ ಬಳಿಯೂ ಸೀಳು ಬರುತ್ತದೆ. ತೋಡನ್ನು 3.2 ಮಿ.ಮೀ.ಗೆ ಅಗಲಿಸಿದರೆ ಆ ಉಪಾಯ ನಡೆದೀತು, ಆದರೆ ಥ್ರೆಡ್ ಬಳಿ ಸೀಳಿದ ಹಲಗೆಗೆ ಆ ಶ್ರಮವೂ ವ್ಯರ್ಥ. ಸಾವಿರಾರು ರೂಪಾಯಿಯ ಕಾರ್ಡಿನ ಮೇಲೆ ನೇತಾಡುವ ಹಲಗೆಗೆ ತೇಪೆ ಹಾಕಲು ನಾನು ಯಾರಿಗೂ ಹೇಳಲಾರೆ.

ಹೊಸದಕ್ಕೆ ಎಕ್ಸ್‌ಟ್ರೂಡ್ (ಯಂತ್ರದಿಂದ ಒತ್ತಿ ಹೊರತೆಗೆದ) ಬದಲು ಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ) ಅಕ್ರಿಲಿಕ್ ಕೇಳಿ ಪಡೆಯಿರಿ. ಕೊರೆಯುವಾಗ ಅದು ಕರಗಿ ಅಂಟುವುದೂ ಕಡಿಮೆ, ಒಳಗಿನ ಒತ್ತಡವೂ ಕಡಿಮೆ. ನಕ್ಷೆಯಲ್ಲಿ "ಐಎಸ್ಒ 228 ಜಿ 1/4, ಸಮಾಂತರ, 11.8 ಮಿ.ಮೀ. ಡ್ರಿಲ್" ಎಂದು ಸ್ಪಷ್ಟವಾಗಿ ಬರೆಯಿರಿ. ಕೊರೆದ ಮೇಲೆ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರೇಳು ಗಂಟೆ ಇಟ್ಟು, ಓವನ್ನಿನೊಳಗೇ ನಿಧಾನವಾಗಿ ಆರಲು ಬಿಟ್ಟರೆ ಯಂತ್ರದ ಕೆಲಸದಿಂದ ಉಳಿದ ಒತ್ತಡ ಸಡಿಲುತ್ತದೆ. ಮನೆಯ ಓವನ್ನಿನ ಗುಂಡಿಯನ್ನು ನಂಬದೆ ಒಳಗೊಂದು ತಾಪಮಾಪಕ ಇಡಿ, ಏಕೆಂದರೆ 100 ಡಿಗ್ರಿ ದಾಟಿದರೆ ಹಲಗೆ ಬಾಗುತ್ತದೆ. ಫಿಟ್ಟಿಂಗನ್ನು ಕೈಯಿಂದ ತಿರುಗಿಸಿ, ಓ-ರಿಂಗ್ ತಾಗಿದ ಮೇಲೆ ತುಸು ಒತ್ತಿದರೆ ಸಾಕು.

ಪ್ರಶ್ನೆ ಕೇಳಿದವರು

ಹೊಸ ಪ್ಲೇಟ್ ಬಂದಿದೆ. ಫಿಟ್ಟಿಂಗ್‌ಗಳು ಕೈಯಲ್ಲೇ ಬುಡದವರೆಗೆ ಇಳಿಯುತ್ತವೆ. ನೀರು ತುಂಬುವ ಮೊದಲು 0.5 ಬಾರ್ ಗಾಳಿ ತುಂಬಿಸಿ ನೋಡಿದೆ. ಅರ್ಧ ಗಂಟೆಯಾದರೂ ಒತ್ತಡಮಾಪಕದ ಮುಳ್ಳು ಇಳಿಯಲಿಲ್ಲ. ಬಳಿಕ ಮದರ್‌ಬೋರ್ಡಿಗೆ ವಿದ್ಯುತ್ ಕೊಡದೆ, ಪವರ್ ಸಪ್ಲೈನ 24 ಪಿನ್ನಿನ ಕನೆಕ್ಟರಿಗೆ ಜಂಪರ್ (ಎರಡು ಪಿನ್‌ಗಳನ್ನು ಕೂಡಿಸುವ ತಂತಿ) ಹಾಕಿ ಪಂಪನ್ನು ಮಾತ್ರ ಒಂದು ದಿನ ಓಡಿಸಿದೆ. ಪ್ರತಿ ಫಿಟ್ಟಿಂಗಿನ ಕೆಳಗೆ ಇಟ್ಟಿದ್ದ ಟಿಶ್ಯೂ ಕಾಗದಗಳು ಬೆಳಿಗ್ಗೆ ಒಣಗಿಯೇ ಇದ್ದವು.